ಸಿ.ಟಿ. ಚಿತ್ರ ಬದಿಯಡ್ಕದಲ್ಲಿ, ನೋಡುವವರು ಮಂಗಳೂರಿನಲ್ಲಿ: ನಡುವೆ ಕ್ಲೌಡ್ ಏನು ಮಾಡೀತು?

ಪ್ರಶ್ನೆ: ನಮ್ಮದು ಕಾಸರಗೋಡಿನ ಬದಿಯಡ್ಕದ ಕಡೆಯ ಒಂದು ಸಣ್ಣ ಆಸ್ಪತ್ರೆ. ಕಳೆದ ವರ್ಷ 16 ಸ್ಲೈಸಿನ ಸಿ.ಟಿ. ಯಂತ್ರ ಹಾಕಿಸಿದ್ದೇವೆ, ಡಿಜಿಟಲ್ ಎಕ್ಸ್‌ರೇ ಮೊದಲಿನಿಂದಲೂ ಇದೆ. ರೇಡಿಯಾಲಜಿಸ್ಟ್ ವಾರದಲ್ಲಿ ಎರಡು ದಿನ ಮಾತ್ರ ಬರುತ್ತಾರೆ. ಉಳಿದ ದಿನಗಳಲ್ಲಿ ಚಿತ್ರಗಳನ್ನು ಮಂಗಳೂರಿನ ವೈದ್ಯರಿಗೆ ಕಳುಹಿಸುತ್ತೇವೆ, ಕೆಲವೊಮ್ಮೆ ಸಿ.ಡಿ.ಯಲ್ಲಿ, ಕೆಲವೊಮ್ಮೆ ಫಿಲ್ಮಿನ ಫೋಟೋ ತೆಗೆದು ವಾಟ್ಸಾಪಿನಲ್ಲಿ. ಈಗ ಒಂದು ಕಂಪೆನಿಯವರು ಬಂದು, ಎಲ್ಲವನ್ನೂ ಕ್ಲೌಡಿಗೆ ಹಾಕಿದರೆ ಎ.ಐ. ಐದು ನಿಮಿಷದಲ್ಲಿ ವರದಿ ಕೊಡುತ್ತದೆ ಎನ್ನುತ್ತಿದ್ದಾರೆ. ಮಳೆಗಾಲದಲ್ಲಿ ನಮ್ಮಲ್ಲಿ ಕರೆಂಟೂ ಇರುವುದಿಲ್ಲ, ನೆಟ್ಟೂ ಇರುವುದಿಲ್ಲ. ಇದು ನಿಜವಾಗಿ ಉಪಯೋಗಕ್ಕೆ ಬರುತ್ತದೆಯೇ? ಖರ್ಚು ಎಷ್ಟಾದೀತು? ರೋಗಿಗಳ ಗುಟ್ಟು ಉಳಿಯುತ್ತದೆಯೇ?
– ಒಬ್ಬ ರೇಡಿಯೋಗ್ರಾಫರ್

ಉತ್ತರ: ಕಂಪೆನಿಯವರು ಹೇಳುವ ಐದು ನಿಮಿಷ ಸುಳ್ಳಲ್ಲ, ಆದರೆ ಅವರ ಗಡಿಯಾರ ಓಡತೊಡಗುವುದು ಚಿತ್ರಗಳು ಮುಂಬಯಿಯಲ್ಲೋ ಹೈದರಾಬಾದಿನಲ್ಲೋ ಇರುವ ಸರ್ವರಿಗೆ ಮುಟ್ಟಿದ ಮೇಲೆ, ನಿಮ್ಮ ರೋಗಿಯ ಗಡಿಯಾರವಾದರೋ ಅವರನ್ನು ಜೀಪಿನಿಂದ ಇಳಿಸುವ ಹೊತ್ತಿಗಾಗಲೇ ಓಡುತ್ತಿರುತ್ತದೆ. ಈ ಎರಡು ಗಡಿಯಾರಗಳ ನಡುವಿನ ಅಂತರ ಎಲ್ಲಿ ಹುಟ್ಟುತ್ತದೆ ಎಂದು ನೋಡಿಕೊಂಡರೆ ನಿಮ್ಮ ಪ್ರಶ್ನೆಯ ಮುಕ್ಕಾಲು ಪಾಲಿಗೆ ಉತ್ತರ ಸಿಕ್ಕಂತೆ. ಆಸ್ಪತ್ರೆಗಳ ಚಿತ್ರಭಂಡಾರಗಳನ್ನು ಕಟ್ಟುವ, ಕೆಟ್ಟಾಗ ಸರಿಪಡಿಸುವ ಕೆಲಸದಲ್ಲಿ ಇಷ್ಟು ವರ್ಷ ಕಳೆದ ನನಗೆ ಮನದಟ್ಟಾದದ್ದು ಇಷ್ಟು: ಕ್ಲೌಡಿನ ಕಂಪ್ಯೂಟರ್ ಎಷ್ಟು ವೇಗದ್ದು ಎಂಬುದು ಫಲಿತಾಂಶದ ಹೊತ್ತನ್ನು ನಿರ್ಧರಿಸುವುದು ಅಪರೂಪ, ನಿಮ್ಮ ಕಟ್ಟಡದಿಂದ ಯಾವ ಚಿತ್ರ ಹೊರಡುತ್ತದೆ, ಯಾವುದು ಮೊದಲು ಹೊರಡುತ್ತದೆ ಎಂಬುದೇ ಹೆಚ್ಚಾಗಿ ಅದನ್ನು ನಿರ್ಧರಿಸುತ್ತದೆ.

ವಾಟ್ಸಾಪಿನ ವಿಷಯವನ್ನು ಮೊದಲು ಮುಗಿಸಿಬಿಡುತ್ತೇನೆ. ಸಿ.ಟಿ. ಚಿತ್ರದ ಪ್ರತಿ ಚುಕ್ಕೆಯೂ ಒಂದು ಅಳತೆ. ನೀರಿಗೆ 0, ಗಾಳಿಗೆ –1000 ಎಂದು ಇಟ್ಟುಕೊಂಡ ಹೌನ್ಸ್‌ಫೀಲ್ಡ್ ಮಾನದಲ್ಲಿ ಮಿದುಳಿನ ಬೂದು ಭಾಗ 35–40ರ ಹತ್ತಿರ ಇರುತ್ತದೆ, ಆಗಷ್ಟೇ ಸುರಿದು ಹೆಪ್ಪುಗಟ್ಟಿದ ರಕ್ತ 60–80ರ ಹತ್ತಿರ. ಯಂತ್ರವು ಸಾಮಾನ್ಯವಾಗಿ ಇಂತಹ 4096 ಹಂತಗಳನ್ನು ದಾಖಲಿಸುತ್ತದೆ, ರೇಡಿಯಾಲಜಿಸ್ಟ್ ತಮ್ಮ ಪರದೆಯ ಮೇಲೆ ವಿಂಡೋವನ್ನು ಹಿಗ್ಗಿಸಿ ಕುಗ್ಗಿಸಿ ಆ ಹಂತಗಳಲ್ಲಿ ತಮಗೆ ಬೇಕಾದಷ್ಟನ್ನೇ ಕಣ್ಣೆದುರು ತಂದುಕೊಳ್ಳುತ್ತಾರೆ. ಫಿಲ್ಮಿಗೆ ಮುದ್ರಿಸಿದ ಕ್ಷಣವೇ ಆ ವಿಂಡೋ ಒಂದು ಕಡೆ ನಿಂತುಬಿಡುತ್ತದೆ. ಫಿಲ್ಮನ್ನು ಬೆಳಕಿನ ಪೆಟ್ಟಿಗೆಗೆ ಸಿಕ್ಕಿಸಿ ಫೋನಿನಲ್ಲಿ ಫೋಟೋ ತೆಗೆದರೆ ಉಳಿಯುವುದು 256 ಹಂತ, ಅದರ ಮೇಲೆ ಟ್ಯೂಬ್‌ಲೈಟಿನ ಹೊಳಪು, ಅದರ ಮೇಲೆ ವಾಟ್ಸಾಪ್ ತನ್ನ ಪಾಲಿಗೆ ಹಿಂಡಿ ತೆಗೆದದ್ದು. ಮುರಿದ ಎಲುಬು ಇದರಲ್ಲೂ ಕಂಡೀತು. ಮೂರು ಗಂಟೆ ಹಿಂದೆ ಶುರುವಾದ ಪಾರ್ಶ್ವವಾಯುವಿನಲ್ಲಿ ಮಿದುಳಿನ ಒಂದು ಭಾಗ ನಾಲ್ಕೈದು ಅಂಕದಷ್ಟು ಕಪ್ಪಾಗಿರುವುದು ಕಾಣುವುದಿಲ್ಲ, ಮಂಗಳೂರಿನ ವೈದ್ಯರು ಎಷ್ಟೇ ಪಳಗಿದವರಾದರೂ ಇಲ್ಲದ್ದನ್ನು ನೋಡಲಾರರು. ಆದ್ದರಿಂದ ಕ್ಲೌಡ್ ತೆಗೆದುಕೊಳ್ಳುತ್ತೀರೋ ಬಿಡುತ್ತೀರೋ, ಯಂತ್ರದಿಂದ ಬರುವ ಮೂಲ ಡೈಕಾಮ್ (ವೈದ್ಯಕೀಯ ಚಿತ್ರಗಳ ಮಾನಕ ರೂಪ) ಕಡತವೇ ವೈದ್ಯರಿಗೆ ತಲಪಬೇಕು ಎಂಬುದನ್ನು ನಿಮ್ಮಲ್ಲಿ ನಿಯಮವಾಗಿ ಮಾಡಿಕೊಳ್ಳಿ.

ಮೂಲ ಕಡತ ಎಂದೊಡನೆ ಗಾತ್ರದ ಪ್ರಶ್ನೆ ಬರುತ್ತದೆ. ಒಂದು ಸಿ.ಟಿ. ಸ್ಲೈಸ್, ಅಂದರೆ ದೇಹದ ಒಂದು ಪದರದ ಚಿತ್ರ, ಎಂದರೆ 512 ಸಾಲು, 512 ಕಂಬ, ಪ್ರತಿ ಚುಕ್ಕೆಗೆ ಎರಡು ಬೈಟ್. ಅಂದರೆ ಅರ್ಧ ಎಂ.ಬಿ. ಹೊಟ್ಟೆಯ ಸಿ.ಟಿ.ಯನ್ನು ಕಾಂಟ್ರಾಸ್ಟ್ ಕೊಟ್ಟು ಮೂರು ಹಂತಗಳಲ್ಲಿ 1.25 ಮಿ.ಮೀ. ದಪ್ಪಕ್ಕೆ ತೆಗೆದರೆ 40 ಸೆ.ಮೀ. ಉದ್ದಕ್ಕೆ ಹಂತವೊಂದಕ್ಕೆ 320 ಸ್ಲೈಸ್, ಒಟ್ಟು 960, ಹೆಚ್ಚುಕಡಿಮೆ 480 ಎಂ.ಬಿ. ನಿಮ್ಮ ಫೈಬರಿನಲ್ಲಿ ಮೇಲಕ್ಕೆ ಹೋಗುವ ವೇಗ ಸೆಕೆಂಡಿಗೆ 10 ಮೆಗಾಬಿಟ್ ಇದ್ದರೆ ಇದು ಆರೂವರೆ ನಿಮಿಷದ ಕೆಲಸ. ಮಳೆಯ ದಿನ 2 ಮೆಗಾಬಿಟ್ಟಿಗೆ ಇಳಿದರೆ ಅರ್ಧ ಗಂಟೆಗೂ ಮೇಲೆ. ಇಲ್ಲೊಂದು ಎಚ್ಚರಿಕೆ: ನೆಟ್ ಕೊಡುವವರು ಜಾಹೀರಾತಿನಲ್ಲಿ ಬರೆಯುವ ನೂರು, ಇನ್ನೂರು ಕೆಳಕ್ಕೆ ಬರುವ ವೇಗ. ನಿಮಗೆ ಬೇಕಾದದ್ದು ಮೇಲಕ್ಕೆ ಹೋಗುವ ವೇಗ, ಅದನ್ನು ಬೇರೆಯಾಗಿ ಕೇಳಿ, ಆಷಾಢದ ಒಂದು ಸಂಜೆ ನೀವೇ ಅಳೆದು ನೋಡಿ.

ಈಗ ನಾನು ಹೇಳಬೇಕೆಂದಿರುವ ಮುಖ್ಯ ಮಾತಿಗೆ ಬರುತ್ತೇನೆ. ಪಾರ್ಶ್ವವಾಯು ಎಂದು ಒಬ್ಬರನ್ನು ಕರೆತಂದಿದ್ದಾರೆ ಎಂದಿಟ್ಟುಕೊಳ್ಳಿ. ಮಿದುಳಿನ ದೊಡ್ಡ ರಕ್ತನಾಳವೊಂದು ಮುಚ್ಚಿಹೋದರೆ ನಿಮಿಷಕ್ಕೆ ಸುಮಾರು 19 ಲಕ್ಷ ನರಕೋಶಗಳು ಸಾಯುತ್ತವೆ ಎಂಬ ಲೆಕ್ಕವಿದೆ. ಹೆಪ್ಪು ಕರಗಿಸುವ ಇಂಜೆಕ್ಷನ್ ಕೊಡಲು ಸಾಮಾನ್ಯವಾಗಿ ಇರುವ ಅವಕಾಶ ಲಕ್ಷಣ ಶುರುವಾದಲ್ಲಿಂದ ನಾಲ್ಕೂವರೆ ಗಂಟೆ. ಆ ಇಂಜೆಕ್ಷನ್ ಕೊಡುವ ಮೊದಲು ವೈದ್ಯರಿಗೆ ತಿಳಿಯಬೇಕಾದ ಮೊದಲ ಸಂಗತಿ ಒಂದೇ: ತಲೆಯೊಳಗೆ ರಕ್ತಸ್ರಾವ ಆಗಿದೆಯೇ, ಇಲ್ಲವೇ? ಅದಕ್ಕೆ 5 ಮಿ.ಮೀ. ದಪ್ಪದ ಮೂವತ್ತು ಸ್ಲೈಸ್ ಸಾಕು, ಅಂದರೆ 15 ಎಂ.ಬಿ. ಆದರೆ ನಿಮ್ಮ ಯಂತ್ರ ಅದರ ಜೊತೆಗೆ 1.25 ಮಿ.ಮೀ.ನ ತೆಳು ಸ್ಲೈಸುಗಳನ್ನೂ, ಅವುಗಳದ್ದೇ ಎಲುಬಿನ ಆವೃತ್ತಿಯನ್ನೂ, ಅಡ್ಡಕ್ಕೆ ಉದ್ದಕ್ಕೆ ಸೀಳಿದ ಚಿತ್ರಗಳನ್ನೂ ತಯಾರಿಸಿ ಒಟ್ಟು 160 ಎಂ.ಬಿ.ಯ ಗಂಟು ಕಟ್ಟುತ್ತದೆ, ಕಳುಹಿಸು ಎಂದರೆ ತನಗೆ ತೋಚಿದ ಕ್ರಮದಲ್ಲಿ ಎಲ್ಲವನ್ನೂ ಕಳುಹಿಸುತ್ತದೆ. ನಾನು ನೋಡಿದ ಹಲವು ಕಡೆ ಎಲುಬಿನ ಆವೃತ್ತಿಯೇ ಮೊದಲು ಹೋಗಿ, ವೈದ್ಯರಿಗೆ ಬೇಕಾದ ಮೂವತ್ತು ಸ್ಲೈಸ್ ಸಾಲಿನ ಕೊನೆಯಲ್ಲಿ ನಿಂತಿರುತ್ತಿತ್ತು. 2 ಮೆಗಾಬಿಟ್ಟಿನ ದಾರಿಯಲ್ಲಿ ಇಡೀ ಗಂಟಿಗೆ ಹತ್ತು ನಿಮಿಷಕ್ಕೂ ಮೇಲೆ ಬೇಕು, ಆ ಮೂವತ್ತಕ್ಕೆ ಒಂದು ನಿಮಿಷ. ಮಾಹಿತಿ ಒಂದಿಷ್ಟೂ ಕಳೆಯದ ರೀತಿಯಲ್ಲಿ ಸಂಕೋಚಿಸಿದರೆ ಅರ್ಧ ನಿಮಿಷ. ಒಂಬತ್ತು ನಿಮಿಷ ಉಳಿಸಲು ಇಲ್ಲಿ ಹೊಸ ಕಂಪ್ಯೂಟರೂ ಬೇಡ, ಎ.ಐ.ಯೂ ಬೇಡ, ಯಂತ್ರದ ಪ್ರೋಟೋಕಾಲ್ ಪುಟದಲ್ಲಿ ಸರಣಿಗಳ ಕ್ರಮ ಬದಲಿಸಿದರೆ ಆಯಿತು, ಅದನ್ನು ಮಾಡುವವರು ನೀವೇ. ಸೀಳಿದ ಚಿತ್ರಗಳನ್ನು ಕಳುಹಿಸುವ ಅಗತ್ಯವೇ ಇಲ್ಲ, ತೆಳು ಸ್ಲೈಸುಗಳು ತಲಪಿದರೆ ಅವನ್ನು ಕ್ಲೌಡಿನ ವ್ಯೂವರಿನಲ್ಲೇ ಬೇಕಾದ ಕೋನಕ್ಕೆ ಸೀಳಿಕೊಳ್ಳಬಹುದು.

ಕಳುಹಿಸುವ ವಿಧಾನದಲ್ಲೂ ಒಂದು ಒಳಗುಟ್ಟಿದೆ. ಡೈಕಾಮ್ ಎಂಬ ಮಾನಕ 1993ರಲ್ಲಿ ಈಗಿನ ರೂಪಕ್ಕೆ ಬಂದದ್ದು, ಆಗ ಚಿತ್ರಗಳು ಒಂದೇ ಕಟ್ಟಡದ ಒಂದು ಕೋಣೆಯಿಂದ ಇನ್ನೊಂದು ಕೋಣೆಗೆ ಹೋಗುತ್ತಿದ್ದವು. ಅದರ ಹಳೆಯ ಸಿ-ಸ್ಟೋರ್ ಪದ್ಧತಿಯಲ್ಲಿ ಸಾಮಾನ್ಯವಾಗಿ ಒಂದು ಸ್ಲೈಸ್ ಕಳುಹಿಸಿ, "ಮುಟ್ಟಿತು" ಎಂಬ ಉತ್ತರ ಬಂದ ಮೇಲೆಯೇ ಮುಂದಿನದು ಹೊರಡುತ್ತದೆ. ಕಟ್ಟಡದೊಳಗೆ ಈ ಹೋಗಿಬರುವಿಕೆಗೆ ಒಂದು ಮಿಲಿಸೆಕೆಂಡೂ ಬೇಡ. ಮೊಬೈಲ್ ನೆಟ್ಟಿನ ಮೂಲಕ ದೂರದ ಸರ್ವರಿಗೆ ಹೋಗಿಬರಲು 100 ಮಿಲಿಸೆಕೆಂಡ್ ಬೇಕಾದರೆ, ಸಾವಿರ ಸ್ಲೈಸಿಗೆ ಬರಿದೇ ಕಾಯುವುದರಲ್ಲೇ ನೂರು ಸೆಕೆಂಡ್ ಹೋಯಿತು. ಇದಕ್ಕಾಗಿಯೇ ಸಿ.ಟಿ. ಯಂತ್ರವನ್ನು ನೇರವಾಗಿ ಕ್ಲೌಡಿಗೆ ಜೋಡಿಸಬಾರದು. ನಡುವೆ, ನಿಮ್ಮ ಕಟ್ಟಡದಲ್ಲೇ, ಒಂದು ಸಣ್ಣ ಕಂಪ್ಯೂಟರನ್ನು ಗೇಟ್‌ವೇ ಎಂದು ಇಡಬೇಕು: ಯಂತ್ರ ತನ್ನ ಹಳೆಯ ಪದ್ಧತಿಯಲ್ಲಿ ಅದಕ್ಕೆ ಕೊಟ್ಟು ತನ್ನ ಕೆಲಸ ಮುಗಿಸುತ್ತದೆ, ಗೇಟ್‌ವೇಯು ಚಿತ್ರಗಳನ್ನು ಸಂಕೋಚಿಸಿ, ಗೂಢಲಿಪಿಗೆ ಹಾಕಿ, ಡೈಕಾಮ್‌ವೆಬ್ ಎಂಬ ಹೊಸ ಪದ್ಧತಿಯಲ್ಲಿ ಹಲವನ್ನು ಒಟ್ಟೊಟ್ಟಿಗೆ ಸಾಗಿಸುತ್ತದೆ, ದಾರಿ ಕಡಿದರೆ ನಿಲ್ಲಿಸಿದಲ್ಲಿಂದಲೇ ಮುಂದುವರಿಸುತ್ತದೆ. ಬೆಲ್ಜಿಯಂನಲ್ಲಿ ಹುಟ್ಟಿದ ಆರ್ಥಾಂಕ್ ಎಂಬ ಮುಕ್ತ ತಂತ್ರಾಂಶ ಈ ಗೇಟ್‌ವೇಯ ಕೆಲಸಕ್ಕೆ ಚೆನ್ನಾಗಿ ಒದಗುತ್ತದೆ, ಅದಕ್ಕೆ ಪರವಾನಗಿಯ ಹಣವಿಲ್ಲ, ಹೆಚ್ಚು ಶಕ್ತಿಯ ಕಂಪ್ಯೂಟರೂ ಬೇಡ. ನಿಮ್ಮ ಕಂಪೆನಿಯವರು ಗೇಟ್‌ವೇಯ ಮಾತೇ ಎತ್ತದಿದ್ದರೆ ಅವರು ದೊಡ್ಡ ನಗರದ ಆಸ್ಪತ್ರೆಗಳನ್ನಷ್ಟೇ ನೋಡಿದವರು ಎಂದು ತಿಳಿಯಬಹುದು.

ಮಳೆಗಾಲದ ನಿಮ್ಮ ಆತಂಕಕ್ಕೂ ಉತ್ತರ ಈ ಗೇಟ್‌ವೇಯಲ್ಲೇ ಇದೆ. ಅದರಲ್ಲಿ ಎರಡು ವಾರದ ಚಿತ್ರ ಹಿಡಿಸುವ ಡಿಸ್ಕ್ ಇರಲಿ, ಅದಕ್ಕೂ ರೂಟರಿಗೂ ಸಿ.ಟಿ. ಯಂತ್ರದ್ದಲ್ಲದ ಪ್ರತ್ಯೇಕ ಯು.ಪಿ.ಎಸ್. ಇರಲಿ, ಈ ಎರಡಕ್ಕೂ ಬೇಕಾಗುವ ವಿದ್ಯುತ್ತು ಒಂದು ಫ್ಯಾನಿಗೆ ಬೇಕಾಗುವಷ್ಟೇ, ಆದ್ದರಿಂದ ಸಾಧಾರಣ ಇನ್ವರ್ಟರೂ ಇಡೀ ರಾತ್ರಿ ನಡೆಸುತ್ತದೆ. ನೆಟ್ಟಿನ ವಿಷಯದಲ್ಲಿ ಎಲ್ಲರೂ ಮಾಡುವ ತಪ್ಪೊಂದಿದೆ. ಎರಡು ಕಂಪೆನಿಗಳ ಎರಡು ಫೈಬರ್ ಹಾಕಿಸಿ, ಒಂದು ಹೋದರೆ ಇನ್ನೊಂದಿದೆ ಎಂದು ನಿಶ್ಚಿಂತರಾಗುತ್ತಾರೆ. ಹೊರಗೆ ಹೋಗಿ ಕತ್ತೆತ್ತಿ ನೋಡಿ: ಎರಡೂ ಫೈಬರ್ ಅದೇ ವಿದ್ಯುತ್ ಮಂಡಳಿಯ ಕಂಬಗಳ ಮೇಲೆ, ಅದೇ ಕರೆಂಟಿನ ತಂತಿಯ ಕೆಳಗೆ ತೂಗುತ್ತಿರುತ್ತವೆ. ಗಾಳಿಗೆ ಒಂದು ಅಡಿಕೆಮರ ಅಡ್ಡಬಿದ್ದರೆ ಕರೆಂಟು, ಒಂದನೇ ನೆಟ್ಟು, ಎರಡನೇ ನೆಟ್ಟು ಮೂರೂ ಒಟ್ಟಿಗೆ ಹೋಗುತ್ತವೆ. ಕಂಬದ ಮೇಲೆ ಬರುವ ದಾರಿ ಒಂದು, ಗಾಳಿಯಲ್ಲಿ ಬರುವ ದಾರಿ ಇನ್ನೊಂದು ಎಂದಿರಬೇಕು. ಫೈಬರಿನ ಜೊತೆ ನಿಮ್ಮಲ್ಲಿ ಚೆನ್ನಾಗಿ ಸಿಗ್ನಲ್ ಸಿಗುವ ಕಂಪೆನಿಯ 4ಜಿ ಅಥವಾ 5ಜಿ ಸಿಮ್ ಹಾಕಿದ ರೂಟರ್ ಇಟ್ಟು, ಆ ದಾರಿಯಲ್ಲಿ ತುರ್ತಿನ ಮೂವತ್ತು ಸ್ಲೈಸುಗಳು ಮಾತ್ರ ಹೋಗುವಂತೆಯೂ, ಉಳಿದವು ಫೈಬರ್ ಮರಳುವ ತನಕ ಗೇಟ್‌ವೇಯಲ್ಲೇ ಕಾಯುವಂತೆಯೂ ಕಟ್ಟಳೆ ಮಾಡಿದರೆ ಮಳೆಗಾಲ ಕಳೆದೀತು.

ವೇಗಕ್ಕೂ ಮಳೆಗೂ ಸಂಬಂಧವಿಲ್ಲದ, ಆದರೆ ಹೊತ್ತು ತಿನ್ನುವ ಇನ್ನೊಂದು ತೊಡಕನ್ನು ನನ್ನದೇ ತಪ್ಪಿನಿಂದ ಕಲಿತೆ. ಕೆಲವು ವರ್ಷಗಳ ಹಿಂದೆ ಒಂದು ಆಸ್ಪತ್ರೆಗೆ ನಾವು ಕ್ಲೌಡ್ ವ್ಯವಸ್ಥೆ ಕಟ್ಟಿಕೊಟ್ಟಿದ್ದೆವು. ಒಂದು ಬೆಳಗಿನ ಜಾವ ನಾಲ್ಕು ಗಂಟೆ ಹತ್ತು ನಿಮಿಷಕ್ಕೆ, ಬೈಕಿನಿಂದ ಬಿದ್ದವರೊಬ್ಬರ ತಲೆಯ ಸಿ.ಟಿ. ತೆಗೆದು ಕಳುಹಿಸಿದರು. ಮನೆಯಲ್ಲಿ ಕುಳಿತಿದ್ದ ವೈದ್ಯರು ಆ ದಿನದ ಪಟ್ಟಿ ತೆರೆದರೆ ಅದು ಖಾಲಿ. ಟೆಕ್ನಿಶಿಯನ್ "ಕಳುಹಿಸಿದ್ದೇನೆ ಸರ್" ಎನ್ನುತ್ತಾರೆ, ವೈದ್ಯರು "ನನಗೆ ಬರಲಿಲ್ಲ ಮಾರಾಯ್ರೆ" ಎನ್ನುತ್ತಾರೆ. ಇವರು ಇನ್ನೆರಡು ಸಲ ಕಳುಹಿಸಿದರು, ಕೊನೆಗೆ ನನ್ನನ್ನು ಎಬ್ಬಿಸಿದರು. ಮೂರೂ ಪ್ರತಿಗಳು ಹಿಂದಿನ ದಿನದ ಪಟ್ಟಿಯಲ್ಲಿ ಸಾಲಾಗಿ ಕುಳಿತಿದ್ದವು. ಕ್ಲೌಡಿನ ಸರ್ವರುಗಳು ಸಾಮಾನ್ಯವಾಗಿ ವಿಶ್ವ ಸಮಯದಲ್ಲಿ ನಡೆಯುತ್ತವೆ, ಅದು ನಮ್ಮದಕ್ಕಿಂತ ಐದೂವರೆ ಗಂಟೆ ಹಿಂದೆ. ಬೆಳಗ್ಗೆ ಐದೂವರೆಯ ಒಳಗೆ ಬಂದದ್ದೆಲ್ಲ ಅದರ ಲೆಕ್ಕಕ್ಕೆ ನಿನ್ನೆಯದು. ಡೈಕಾಮ್ ಕಡತದಲ್ಲಿ ಸಮಯವಲಯ ಬರೆಯಲು ಜಾಗವಿದೆ, ಆದರೆ ಅದು ಕಡ್ಡಾಯವಲ್ಲವಾದ್ದರಿಂದ ಹೆಚ್ಚಿನ ಯಂತ್ರಗಳು ಬರೆಯುವುದಿಲ್ಲ. ಅದೃಷ್ಟಕ್ಕೆ ಆ ರೋಗಿಗೆ ಆಗಿದ್ದದ್ದು ಹೊರಗಿನ ಗಾಯ ಮಾತ್ರ. ನಲವತ್ತು ನಿಮಿಷ ಹೋದದ್ದು ನಾವು ಹಗಲಿನಲ್ಲಿ ಮಾತ್ರ ಪರೀಕ್ಷೆ ಮಾಡಿದ್ದರಿಂದ. ನೀವು ಪರೀಕ್ಷೆಯ ಚಿತ್ರವನ್ನು ಒಮ್ಮೆ ಬೆಳಗ್ಗೆ ನಾಲ್ಕು ಗಂಟೆಗೆ ಕಳುಹಿಸಿ ನೋಡಿ.

ಗಡಿನಾಡಿನವರಾದ ನಮಗೆ ಹೆಸರುಗಳದ್ದೂ ಒಂದು ಪಾಡು. ಅದೇ ರೋಗಿಯ ಇನಿಷಿಯಲ್ ಒಂದು ಆಸ್ಪತ್ರೆಯಲ್ಲಿ ಹೆಸರಿನ ಹಿಂದೆ, ಇನ್ನೊಂದರಲ್ಲಿ ಮುಂದೆ. ಮಹಮ್ಮದ್ ಎಂಬ ಒಂದೇ ಹೆಸರಿಗೆ ಇಂಗ್ಲಿಷಿನಲ್ಲಿ ಕಡಿಮೆಯೆಂದರೆ ಐದಾರು ಕಾಗುಣಿತ, ಕುಂಞಿ ಎಂಬುದಕ್ಕೆ ಮತ್ತೆರಡು. ರೇಷನ್ ಕಾರ್ಡಿನ ಮಲಯಾಳಂ ಹೆಸರನ್ನು ಒಬ್ಬರು ಇಂಗ್ಲಿಷಿಗೆ ಇಳಿಸಿದಂತೆ ಇನ್ನೊಬ್ಬರು ಇಳಿಸುವುದಿಲ್ಲ. ಕಂಪ್ಯೂಟರಿಗೆ ಇವರೆಲ್ಲ ಬೇರೆ ಬೇರೆ ಜನ, ಹೀಗಾಗಿ ಎರಡು ವರ್ಷ ಹಿಂದಿನ ಸಿ.ಟಿ. ಅದೇ ಕ್ಲೌಡಿನಲ್ಲಿದ್ದರೂ ಹೋಲಿಸಿ ನೋಡಲು ಸಿಗುವುದಿಲ್ಲ. ಹಳೆಯ ಚಿತ್ರದ ಜೊತೆ ಹೋಲಿಸುವುದು ರೇಡಿಯಾಲಜಿಯ ಅರ್ಧ ಕೆಲಸ. ಶ್ವಾಸಕೋಶದಲ್ಲಿ ಕಂಡ ಗಂಟು ಎರಡು ವರ್ಷದಿಂದ ಹಾಗೆಯೇ ಇದೆಯೇ, ಮೊನ್ನೆ ಹುಟ್ಟಿದ್ದೇ ಎಂಬುದರ ಮೇಲೆ ಮುಂದಿನ ಚಿಕಿತ್ಸೆಯೇ ನಿಂತಿರುತ್ತದೆ. ಎಣ್ಮಕಜೆಯ ಕಡೆಯ ಮನೆಗಳಲ್ಲಿ ದೀರ್ಘಕಾಲದ ಕಾಯಿಲೆಯ ಮಕ್ಕಳ ಹತ್ತಾರು ವರ್ಷದ ಫಿಲ್ಮುಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಕಪಾಟಿನ ಮೇಲಿಟ್ಟದ್ದನ್ನು ನೋಡಿದ್ದೇನೆ, ಅವು ತೇವಕ್ಕೆ ಒಂದಕ್ಕೊಂದು ಅಂಟಿ ಬೂಷ್ಟು ಹಿಡಿದಿದ್ದವು. ಕ್ಲೌಡಿನ ನಿಜವಾದ ಲಾಭ ಇಂತಹವರಿಗೆ ಆಗಬೇಕಾದದ್ದು, ಹೆಸರು ಕೂಡಿಬಾರದೆ ಅದೇ ಕೈತಪ್ಪಿದರೆ ಏನು ಪ್ರಯೋಜನ? ನೋಂದಣಿ ಮೇಜಿನಲ್ಲೇ ಆಭಾ ಎಂಬ ಸರಕಾರಿ ಆರೋಗ್ಯ ಖಾತೆಯ 14 ಅಂಕಿಯ ಸಂಖ್ಯೆಯನ್ನು ಕೇಳಿ ಬರೆದುಕೊಳ್ಳಿ, ಇಲ್ಲದವರಿಗೆ ನಿಮ್ಮದೇ ಆದ ಎಂದಿಗೂ ಬದಲಾಗದ ಒಂದು ಸಂಖ್ಯೆ ಕೊಡಿ. ಹೆಸರನ್ನು ಕನ್ನಡದಲ್ಲೇ ಬರೆಯುವ ಆಸೆಯಿದ್ದರೆ ಡೈಕಾಮಿನಲ್ಲಿ ಅದಕ್ಕೆ ಎಲ್ಲ ಲಿಪಿಗಳಿಗೂ ಒದಗುವ ಯು.ಟಿ.ಎಫ್.-8 ಎಂಬ ಅಕ್ಷರಸಂಕೇತದ ಮೂಲಕ ಅವಕಾಶವಿದೆ. ಆದರೆ ಹಳೆಯ ಯಂತ್ರಗಳು ಅದನ್ನು ಓದಲಾರದೆ ಪ್ರಶ್ನಾರ್ಥಕ ಚಿಹ್ನೆಗಳ ಸಾಲು ತೋರಿಸುತ್ತವೆ.

ಇನ್ನು ವಿಶ್ಲೇಷಣೆ. ಎ.ಐ. ಮಾದರಿಗಳು ಓಡುವ ಜಿ.ಪಿ.ಯು. ಎಂಬ ಚಿಪ್ಪಿಗೆ ಬೆಲೆ ಹೆಚ್ಚು, ನಿಮ್ಮಲ್ಲಾದರೋ ದಿನಕ್ಕೆ ಎಂಟೋ ಹತ್ತೋ ಸಿ.ಟಿ. ಒಂದೊಂದಕ್ಕೆ ಒಂದು ನಿಮಿಷದ ಕೆಲಸವಿದ್ದರೆ, ಕೊಂಡುತಂದ ಚಿಪ್ಪು ದಿನದಲ್ಲಿ ಹತ್ತು ನಿಮಿಷ ದುಡಿದು ಉಳಿದ ಹೊತ್ತು ಸುಮ್ಮನಿರುತ್ತದೆ. ಬೇಕಾದಾಗ ಬಾಡಿಗೆಗೆ ಹಿಡಿದು, ಕೆಲಸ ಮುಗಿದೊಡನೆ ಬಿಡುವುದು ಕ್ಲೌಡಿನಲ್ಲಿ ಸಾಧ್ಯ, ಲೆಕ್ಕವೂ ಸೆಕೆಂಡಿಗೆ ಇಷ್ಟು ಎಂದೇ ಇರುತ್ತದೆ. ಸಣ್ಣ ಆಸ್ಪತ್ರೆಗೆ ಕ್ಲೌಡ್ ಒಪ್ಪುವುದಕ್ಕೆ ಇದೇ ಬಲವಾದ ಕಾರಣ. ತೊಂದರೆಯೆಂದರೆ, ಮಲಗಿರುವ ಯಂತ್ರವನ್ನು ಎಬ್ಬಿಸಿ, ಹಲವು ಜಿ.ಬಿ.ಯ ಮಾದರಿಯನ್ನು ಅದರ ಸ್ಮೃತಿಗೆ ತುಂಬಲು ಮೂರು-ನಾಲ್ಕು ನಿಮಿಷ ಹಿಡಿಯಬಹುದು. ಇದಕ್ಕೆ ಒಂದು ಸರಳ ಉಪಾಯವಿದೆ. ಪ್ರತಿ ಸಿ.ಟಿ.ಯಲ್ಲೂ ನೀವು ಮೊದಲು ತೆಗೆಯುವ ಸ್ಕೌಟ್ ಚಿತ್ರ ಗೇಟ್‌ವೇಗೆ ಬಂದ ತಕ್ಷಣ ಕ್ಲೌಡಿಗೆ ಒಂದು ಎಚ್ಚರಿಕೆ ಹೋಗುವಂತೆ ಮಾಡಿದರೆ, ನೀವು ರೋಗಿಯ ತಲೆ ಸರಿಮಾಡಿ, ಸ್ಕ್ಯಾನ್ ಮುಗಿಸಿ, ಸ್ಲೈಸುಗಳು ತಯಾರಾಗುವಷ್ಟರಲ್ಲಿ ಅಲ್ಲಿ ಯಂತ್ರ ಎದ್ದು ಕುಳಿತಿರುತ್ತದೆ. ಎಕ್ಸ್‌ರೇಗೆ ಇದು ಯಾವುದೂ ಬೇಡ; ಅದರ ಮಾದರಿಗಳು ಚಿಕ್ಕವು, ಜಿ.ಪಿ.ಯು. ಇಲ್ಲದ ಒಳ್ಳೆಯ ಕಂಪ್ಯೂಟರಿನಲ್ಲಿ, ನಿಮ್ಮ ಕಟ್ಟಡದಲ್ಲೇ ಓಡುತ್ತವೆ, ನೆಟ್ ಇಲ್ಲದ ದಿನವೂ.

ಆದರೆ ಎ.ಐ. ಕೊಡುವುದನ್ನು ವರದಿ ಎಂದು ಕರೆಯುವುದಕ್ಕೆ ನನ್ನ ಒಪ್ಪಿಗೆಯಿಲ್ಲ. ಅದು ಸಾಲನ್ನು ಮರುಜೋಡಿಸುವ ಸಾಧನ: ಹತ್ತು ಚಿತ್ರ ಕಾದಿರುವಾಗ ರಕ್ತಸ್ರಾವದ ಸಂಶಯವಿರುವುದನ್ನು ಮೇಲಕ್ಕೆ ತರುತ್ತದೆ, ವೈದ್ಯರ ಫೋನಿಗೆ ಗಂಟೆ ಬಾರಿಸುತ್ತದೆ. ಕಂಪೆನಿಯವರು ಹೇಳುವ ಶೇಕಡಾ ತೊಂಬತ್ತರ ನಿಖರತೆ ಎಂದರೇನು ಎಂದು ಒಮ್ಮೆ ಲೆಕ್ಕ ಹಾಕಿ ನೋಡೋಣ. ಸಾವಿರ ತಲೆಯ ಸಿ.ಟಿ.ಗಳಲ್ಲಿ 50 ಮಂದಿಗೆ ರಕ್ತಸ್ರಾವ ಇದೆ ಎಂದಿಟ್ಟುಕೊಳ್ಳಿ. ಇರುವುದನ್ನು ಇದೆ ಎನ್ನುವುದರಲ್ಲೂ, ಇಲ್ಲದ್ದನ್ನು ಇಲ್ಲ ಎನ್ನುವುದರಲ್ಲೂ ನೂರಕ್ಕೆ ತೊಂಬತ್ತು ಸರಿಯಿರುವ ಯಂತ್ರ 45 ಮಂದಿಯನ್ನು ಹಿಡಿಯುತ್ತದೆ, 5 ಮಂದಿಯನ್ನು ಬಿಡುತ್ತದೆ. ಉಳಿದ 950ರಲ್ಲಿ 95 ಮಂದಿಯ ಮೇಲೆ ಸುಮ್ಮನೆ ಕೂಗೆಬ್ಬಿಸುತ್ತದೆ. ಒಟ್ಟು 140 ಕೂಗಿನಲ್ಲಿ ನಿಜವಾದದ್ದು ಮೂರರಲ್ಲಿ ಒಂದಕ್ಕೂ ಕಡಿಮೆ. ಸಾಲನ್ನು ಜೋಡಿಸಲು ಇಷ್ಟು ಧಾರಾಳ ಸಾಕು. ರೋಗಿಯ ಕೈಗೆ ಕೊಡಲು ಸಾಲದು, ಅದರಲ್ಲೂ ಬಿಟ್ಟುಹೋದ ಆ ಐವರ ದೃಷ್ಟಿಯಿಂದ ನೋಡಿದರೆ.

ಆ ತೊಂಬತ್ತಾದರೂ ನಿಮ್ಮಲ್ಲಿ ತೊಂಬತ್ತಾಗಿ ಉಳಿದೀತೆಂಬ ಭರವಸೆಯಿಲ್ಲ. ಎದೆಯ ಎಕ್ಸ್‌ರೇಯಲ್ಲಿ ನ್ಯುಮೋನಿಯಾ ಗುರುತಿಸಲು ಕಲಿಸಿದ ಮಾದರಿಗಳನ್ನು 2018ರಲ್ಲಿ ಅಮೆರಿಕದ ಸಂಶೋಧಕರು ಬೇರೆ ಬೇರೆ ಆಸ್ಪತ್ರೆಗಳ ಚಿತ್ರಗಳ ಮೇಲೆ ಪರೀಕ್ಷಿಸಿದಾಗ, ಕಲಿತ ಆಸ್ಪತ್ರೆಯಲ್ಲಿ ತೋರಿಸಿದ ಜಾಣ್ಮೆ ಹೊರಗಡೆ ಹಲವು ಸಲ ಕುಗ್ಗಿದ್ದು ಕಂಡಿತು. ಅದಕ್ಕಿಂತ ಕುತೂಹಲದ ಸಂಗತಿಯೆಂದರೆ, ಚಿತ್ರ ಯಾವ ಆಸ್ಪತ್ರೆಯದ್ದು ಎಂಬುದನ್ನು ಮಾದರಿ ಬಹುತೇಕ ತಪ್ಪಿಲ್ಲದೆ ಹೇಳಬಲ್ಲದಾಗಿತ್ತು. ಅಂದರೆ ಅದು ಶ್ವಾಸಕೋಶವನ್ನು ನೋಡುವುದರ ಜೊತೆಗೆ, ಚಿತ್ರದ ಮೂಲೆಯಲ್ಲಿಟ್ಟ ಲೋಹದ ಗುರುತಿನಂತಹವನ್ನೂ ನೋಡಿ ಅಂದಾಜು ಕಟ್ಟುತ್ತಿತ್ತು. ನಮ್ಮ ಕಡೆಯ ಎದೆಗಳಲ್ಲಿ ಹಳೆಯ ಕ್ಷಯದ ಕಲೆಗಳಿರುತ್ತವೆ, ಹೊಗೆ ತುಂಬಿದ ಅಡುಗೆಮನೆಗಳ ಗುರುತಿರುತ್ತದೆ. ಹೊರನಾಡಿನಲ್ಲಿ ಕಲಿತ ಮಾದರಿ ಇವನ್ನೆಲ್ಲ ಕಂಡಿರಲಿಕ್ಕಿಲ್ಲ. ಕ್ಷಯದ ತಪಾಸಣೆಗೆ ಇಂತಹ ತಂತ್ರಾಂಶವನ್ನು 15 ವರ್ಷ ಮೇಲ್ಪಟ್ಟವರಲ್ಲಿ ಬಳಸಬಹುದೆಂದು ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೇಳಿದೆ ನಿಜ, ಆದರೆ ಅದು ಕಫ ಪರೀಕ್ಷೆಗೆ ಯಾರನ್ನು ಕಳುಹಿಸಬೇಕು ಎಂದು ಆರಿಸುವ ಮಟ್ಟಿಗೆ. ಕ್ಷಯ ಇದೆ ಎಂದು ನಿರ್ಧರಿಸಲು ಅಲ್ಲ. ಒಪ್ಪಂದಕ್ಕೆ ಮೊದಲು ನಿಮ್ಮದೇ ಯಂತ್ರದ, ವರದಿ ಈಗಾಗಲೇ ಆಗಿರುವ ಇನ್ನೂರು ಹಳೆಯ ಚಿತ್ರಗಳನ್ನು ಕೊಟ್ಟು, ಉತ್ತರವನ್ನು ನಿಮ್ಮ ರೇಡಿಯಾಲಜಿಸ್ಟರ ವರದಿಗಳ ಪಕ್ಕದಲ್ಲಿಟ್ಟು ನೋಡಿ. ಇದಕ್ಕೆ ಒಲ್ಲೆನೆನ್ನುವ ಕಂಪೆನಿಯನ್ನು ಚಹಾ ಕುಡಿಸಿ ಕಳುಹಿಸಿಬಿಡಬಹುದು.

ಖರ್ಚಿನ ಲೆಕ್ಕ ನೀವು ಹೆದರಿದಷ್ಟಿಲ್ಲ. ದಿನಕ್ಕೆ 8 ಸಿ.ಟಿ., ಸರಾಸರಿ 250 ಎಂ.ಬಿ.; 40 ಎಕ್ಸ್‌ರೇ, ಒಂದೊಂದು 15 ಎಂ.ಬಿ. ಎಂದರೆ ವರ್ಷದ 300 ದಿನಗಳಿಗೆ ಸುಮಾರು 780 ಜಿ.ಬಿ.; ನಷ್ಟವಿಲ್ಲದ ಸಂಕೋಚನದ ಬಳಿಕ 400ರ ಆಸುಪಾಸು. ದೊಡ್ಡ ಕ್ಲೌಡ್ ಕಂಪೆನಿಗಳಲ್ಲಿ ಬೇಕೆಂದಾಗ ಸಿಗುವ ಜಾಗದ ಬಾಡಿಗೆ ಜಿ.ಬಿ.ಗೆ ತಿಂಗಳಿಗೆ ಎರಡು ರೂಪಾಯಿಯ ಹತ್ತಿರ, ಅಂದರೆ ಮೊದಲ ವರ್ಷದ ಕೊನೆಗೆ ತಿಂಗಳಿಗೆ ಎಂಟುನೂರು ರೂಪಾಯಿ. ವರ್ಷ ಕಳೆದ ಚಿತ್ರಗಳನ್ನು ಇನ್ನೂ ಅಗ್ಗದ ಅಟ್ಟಕ್ಕೆ ಏರಿಸಬಹುದು, ಅಲ್ಲಿಂದ ಇಳಿಸಲು ಕೆಲವು ಗಂಟೆ ಹಿಡಿದರೂ ಚಿಂತೆಯಿಲ್ಲ. ಮರುಭೇಟಿಯ ಹಿಂದಿನ ರಾತ್ರಿಯೇ ತರಿಸಿಟ್ಟರಾಯಿತು. ಹಣ ಹೋಗುವುದು ಬೇರೆ ಕಡೆ. ಇಡುವುದಕ್ಕಿಂತ ಹೊರತೆಗೆಯುವುದಕ್ಕೆ ಜಿ.ಬಿ.ಗೆ ನಾಲ್ಕೈದು ಪಟ್ಟು ದರ, ಒಂದೊಂದು ಚಿತ್ರಕ್ಕೆ ಇಷ್ಟೆಂದು ಎ.ಐ.ಯ ಶುಲ್ಕ, ರೇಡಿಯಾಲಜಿಸ್ಟರ ಶುಲ್ಕ, ಎರಡು ನೆಟ್ಟಿನ ಬಾಡಿಗೆ. ಎ.ಐ.ಯ ಶುಲ್ಕವನ್ನು ಎಲ್ಲ ಚಿತ್ರಗಳಿಗೂ ಕೊಡಬೇಕಾಗಿಲ್ಲ. ತಲೆಯ ತುರ್ತು ಸಿ.ಟಿ. ಮತ್ತು ಎದೆಯ ಎಕ್ಸ್‌ರೇ ಎರಡಕ್ಕೆ ಮಾತ್ರ ಎಂದು ಗೇಟ್‌ವೇಯಲ್ಲಿ ಕಟ್ಟಳೆ ಮಾಡಿದರೆ ಬಿಲ್ಲು ತಾನಾಗಿ ಇಳಿಯುತ್ತದೆ.

ಗುಟ್ಟಿನ ವಿಷಯದಲ್ಲಿ ನಿಮಗೆ ಮೊದಲು ತಿಳಿದಿರಬೇಕಾದದ್ದು ಹೊಣೆ ಯಾರದ್ದು ಎಂಬುದು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಪ್ರಕಾರ, ಚಿತ್ರಗಳನ್ನು ಕ್ಲೌಡ್ ಕಂಪೆನಿಯ ಕೈಗೆ ಕೊಟ್ಟರೂ ಉತ್ತರ ಹೇಳಬೇಕಾದವರು ಆಸ್ಪತ್ರೆಯವರೇ. ರೇಡಿಯಾಲಜಿಸ್ಟರಿಗೆ ರೋಗಿಯ ಹೆಸರು ಬೇಕು, ಎ.ಐ.ಗೆ ಬೇಡ, ಆದ್ದರಿಂದ ಎ.ಐ.ಗೆ ಹೋಗುವ ಪ್ರತಿಯಲ್ಲಿ ಗೇಟ್‌ವೇಯು ಹೆಸರು, ಹುಟ್ಟಿದ ದಿನ, ವಿಳಾಸಗಳನ್ನು ತೆಗೆದು ಒಂದು ಗುಪ್ತಸಂಖ್ಯೆ ಹಾಕಲಿ, ಯಾವ ಸಂಖ್ಯೆ ಯಾರದ್ದು ಎಂಬ ಪಟ್ಟಿ ನಿಮ್ಮ ಕಟ್ಟಡ ಬಿಟ್ಟು ಹೋಗದಿರಲಿ. ಅಲ್ಟ್ರಾಸೌಂಡಿನಲ್ಲಿ ಹೆಸರು ಚಿತ್ರದ ಒಳಗೇ ಅಚ್ಚಾಗಿರುತ್ತದೆ, ಅದನ್ನು ಬೇರೆಯಾಗಿ ಅಳಿಸಬೇಕು. ಗರ್ಭಿಣಿಯರ ಸ್ಕ್ಯಾನಿಂಗಿಗೆ ಭ್ರೂಣಲಿಂಗ ಪತ್ತೆಯನ್ನು ತಡೆಯುವ 1994ರ ಕಾಯ್ದೆಯ ಕಟ್ಟುಪಾಡುಗಳೂ ಇರುವುದರಿಂದ ಅದನ್ನು ಈ ವ್ಯವಸ್ಥೆಯ ಹೊರಗೇ ಇಡಿ ಎಂಬುದು ನನ್ನ ಸಲಹೆ. ತಲೆಯ ಚಿತ್ರಗಳಲ್ಲಿ ಇನ್ನೊಂದು ಸೂಕ್ಷ್ಮವಿದೆ: ತೆಳು ಸ್ಲೈಸುಗಳನ್ನು ಜೋಡಿಸಿದರೆ ಮುಖವೇ ಮೂಡುತ್ತದೆ. 2019ರಲ್ಲಿ ಅಮೆರಿಕದಲ್ಲಿ 84 ಜನರ ಎಂ.ಆರ್.ಐ.ಯಿಂದ ಹೀಗೆ ಮುಖ ಮೂಡಿಸಿ ಫೋಟೋಗಳ ಜೊತೆ ಹೋಲಿಸಿದಾಗ ತಂತ್ರಾಂಶ 70 ಮಂದಿಯನ್ನು ಸರಿಯಾಗಿ ಗುರುತಿಸಿತು. ಎ.ಐ.ಗೆ 5 ಮಿ.ಮೀ.ನ ಸ್ಲೈಸುಗಳನ್ನು ಮಾತ್ರ ಕೊಟ್ಟರೆ ಈ ಭಯವೂ ತಕ್ಕಮಟ್ಟಿಗೆ ತಗ್ಗುತ್ತದೆ, ಕಳುಹಿಸುವ ಹೊತ್ತೂ ಉಳಿಯುತ್ತದೆ.

ನೀವು ಕೇಳದಿದ್ದರೂ ಮನಸ್ಸಿನಲ್ಲಿರಬಹುದಾದ ಒಂದು ಸಂಶಯ: ರೋಗಿ ಕೇರಳದವರು, ನೋಡುವ ವೈದ್ಯರು ಕರ್ನಾಟಕದವರು, ಇದಕ್ಕೆ ಕಾನೂನಿನ ಅಡ್ಡಿಯಿದೆಯೇ? 2020ರ ಮಾರ್ಚ್ 25ರಂದು ಹೊರಬಂದ ಟೆಲಿಮೆಡಿಸಿನ್ ಮಾರ್ಗಸೂಚಿಯು, ನೋಂದಾಯಿತ ವೈದ್ಯರು ದೇಶದ ಯಾವ ಭಾಗದ ರೋಗಿಗೂ ದೂರದಿಂದ ಸಲಹೆ ಕೊಡಬಹುದೆಂದು ಸ್ಪಷ್ಟವಾಗಿ ಹೇಳುತ್ತದೆ. ಕೊರೊನಾದ ಅದೇ ದಿನಗಳಲ್ಲಿ ಗಡಿಯ ತಲಪಾಡಿಯಲ್ಲಿ ರಸ್ತೆ ಮುಚ್ಚಿ, ಮಂಗಳೂರನ್ನೇ ನಂಬಿದ್ದ ನಮ್ಮ ರೋಗಿಗಳು ಗಡಿಯಲ್ಲಿ ನಿಲ್ಲಬೇಕಾಗಿ ಬಂದದ್ದನ್ನು ಈ ಕಡೆಯವರು ಮರೆತಿರಲಾರರು. ಅಂದು ರೋಗಿ ದಾಟಲಾಗದ ಗಡಿಯನ್ನು ಚಿತ್ರ ದಾಟಬಹುದಿತ್ತು, ದಾಟಿಸುವ ವ್ಯವಸ್ಥೆ ಬಹಳ ಕಡೆ ಇರಲಿಲ್ಲ.

ಕಂಪೆನಿಯವರ ಜೊತೆ ಒಪ್ಪಂದಕ್ಕೆ ಕುಳಿತಾಗ ಎರಡು ವಿಷಯಗಳನ್ನು ಬರವಣಿಗೆಯಲ್ಲಿ ಪಡೆಯಿರಿ. ಒಂದು, ಬಿಟ್ಟುಹೋಗುವ ದಿನ ಎಲ್ಲ ಚಿತ್ರಗಳನ್ನೂ ಮೂಲ ಡೈಕಾಮ್ ರೂಪದಲ್ಲೇ ಮರಳಿ ಕೊಡುತ್ತಾರೆ ಎಂಬುದು. ತಮ್ಮದೇ ರೂಪಕ್ಕೆ ಮಾರ್ಪಡಿಸಿ ಇಟ್ಟುಕೊಂಡು ಮರಳಿಸುವಾಗ ದೊಡ್ಡ ಮೊತ್ತ ಕೇಳುವ ರೂಢಿ ಇದೆ. ಇನ್ನೊಂದು, ನಿಮ್ಮ ರೋಗಿಗಳ ಚಿತ್ರಗಳನ್ನು ತಮ್ಮ ಎ.ಐ.ಗೆ ಕಲಿಸಲು ಬಳಸುವುದಿಲ್ಲ, ಬಳಸುವುದಾದರೆ ಕೇಳಿಯೇ ಬಳಸುತ್ತಾರೆ ಎಂಬುದು. ಆಮೇಲೆ ಅವರು ನಿಮ್ಮಲ್ಲಿ ಪ್ರದರ್ಶನ ನಡೆಸುವ ದಿನ, ಚಿತ್ರಗಳು ಅರ್ಧ ಹೋಗಿರುವಾಗ, ಯಾರಿಗೂ ಹೇಳದೆ ರೂಟರಿನಿಂದ ಫೈಬರನ್ನು ಕಿತ್ತುಬಿಡಿ. ಹತ್ತು ನಿಮಿಷ ಬಿಟ್ಟು ಮತ್ತೆ ಸಿಕ್ಕಿಸಿ, ಅಷ್ಟೂ ಸ್ಲೈಸುಗಳು ಆ ಬದಿಗೆ ತಲಪಿವೆಯೇ ಎಂದು ಎಣಿಸಿ.